ಹೊಸ ಲ್ಯಾಪ್‌ಟಾಪ್‌ನಲ್ಲಿ ನೆರಳು ಕಂಡರೆ ಪರದೆ ಹಳೆಯದೇ?

ಸ್ಕ್ರಾಲ್ ಮಾಡುವಾಗ ಅಕ್ಷರಗಳ ಹಿಂದೆ ನೆರಳು ಎಳೆದಂತೆ ಕಂಡರೆ ಹಳೇ ಪರದೆ ಹಾಕಿ ಮಾರಿದ್ದಾರೆ, ರಾತ್ರಿಯಿಡೀ ಬಣ್ಣ ಮಿನುಗುವ ವಿಡಿಯೋ ಓಡಿಸಿದರೆ ಸರಿಹೋಗುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಎರಡೂ ಸರಿಯಲ್ಲ. ಅಷ್ಟು ದುಡ್ಡು ಕೊಟ್ಟವರಿಗೆ ಗಾಬರಿಯಾಗುವುದು ಸಹಜ, ಅಲ್ವಾ? ಅದಕ್ಕೇ ಜನ ಇದನ್ನು ಹಂಚುತ್ತಾರೆ.

ಎಲ್‌ಸಿಡಿ ಪರದೆಯ ಪ್ರತಿ ಚುಕ್ಕಿಗೂ ಬಣ್ಣ ಬದಲಿಸಲು ಸ್ವಲ್ಪ ಹೊತ್ತು ಬೇಕು. 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ಚಿತ್ರ ನಿಲ್ಲುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಚುಕ್ಕಿ ಪೂರ್ತಿ ಬದಲಾಗದಿದ್ದರೆ ಹಿಂದಿನ ಚಿತ್ರದ ಛಾಯೆ ಉಳಿಯುತ್ತದೆ. ಹೊಚ್ಚಹೊಸ ಪರದೆಯಲ್ಲೂ ಹೀಗಾಗಬಹುದು. ಚಳಿಯಿದ್ದರೆ ಇನ್ನೂ ಜಾಸ್ತಿ. ಬಣ್ಣದ ವಿಡಿಯೋ ಒಂದೇ ಬಣ್ಣದಲ್ಲಿ ಸಿಕ್ಕಿಕೊಂಡ ಚುಕ್ಕಿಗೆ ಹೇಳುವ ಉಪಾಯ. ಚುಕ್ಕಿಯ ವೇಗ ಅದರಿಂದ ಹೆಚ್ಚುವುದಿಲ್ಲ.

ನೀವೇ ಪರೀಕ್ಷಿಸಬಹುದು. ನೆರಳು ಕಂಡಾಗ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಫೋನಿನಲ್ಲಿ ನೋಡಿ. ಅಲ್ಲಿ ನೆರಳಿಲ್ಲದಿದ್ದರೆ ಪರದೆಯ ಕಡೆಯದು. ಇದ್ದರೆ ಸಾಫ್ಟ್‌ವೇರ್ ಕಡೆಯದು. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿಯೂ ಹೋಲಿಸಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಾಗುತ್ತದೆ ಎಂಬುದನ್ನು ನೋಡಿ. 120 ಅಥವಾ 144 ಹರ್ಟ್ಸ್ ಪರದೆ ಸುಮ್ನೆ 60ರಲ್ಲಿ ಓಡುತ್ತಿರಬಹುದು. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಪ್ಯಾನೆಲ್ ಸೆಲ್ಫ್ ರಿಫ್ರೆಶ್ (ಚಿತ್ರ ಬದಲಾಗದಿದ್ದಾಗ ಪರದೆ ತಾನೇ ಹಳೆಯ ಚಿತ್ರ ತೋರಿಸಿ ಬ್ಯಾಟರಿ ಉಳಿಸುವ ವ್ಯವಸ್ಥೆ) ಇದ್ದರೆ ಒಮ್ಮೆ ಆಫ್ ಮಾಡಿ ನೋಡಿ.

ಚಿತ್ರ ಅಲುಗಾಡದಿದ್ದಾಗಲೂ ನೆರಳು ಹಾಗೇ ಉಳಿದರೆ ಅದು ಬೇರೆ ತೊಂದರೆ. ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡು, ವಾರಂಟಿ ಇರುವಾಗಲೇ ಸರ್ವಿಸ್ ಸೆಂಟರ್‌ಗೆ ತೋರಿಸಿ.