840 ಕೋಟಿ ಡಾಲರ್ ಲಾಭ ಅಲ್ಲ, ಅದು ಒಟ್ಟು ಮಾರಾಟ

"ಕ್ರಿಸ್ಟೀಸ್ ಹರಾಜು ಕಂಪನಿ 2022ರಲ್ಲಿ 840 ಕೋಟಿ ಡಾಲರ್ ಲಾಭ ಮಾಡ್ತು, ಆಮೇಲೆ 2023ರಲ್ಲಿ 620 ಕೋಟಿಗೆ ಇಳೀತು, ಆರ್ಟ್ ಮಾರ್ಕೆಟ್ ಮುಳುಗೋಯ್ತು" ಅನ್ನೋ ಫಾರ್ವರ್ಡ್ ಓಡಾಡ್ತಿದೆ. ಅಂಕಿಗಳು ಸರಿ, ಅರ್ಥ ತಪ್ಪು.

ವರ್ಷದ ಕೊನೇಲಿ ಕ್ರಿಸ್ಟೀಸ್‌ನವರು ಹೇಳೋದು ಒಟ್ಟು ಮಾರಾಟ. ಪೇಂಟಿಂಗು, ವೈನು, ವಾಚು, ಹ್ಯಾಂಡ್‌ಬ್ಯಾಗು, ಹರಾಜಿಲ್ಲದೆ ಖಾಸಗಿಯಾಗಿ ಮಾರಿದ್ದು ಎಲ್ಲಾ ಅದರಲ್ಲೇ ಬರುತ್ತೆ, ಆದ್ರೆ ದುಡ್ಡಿನ ದೊಡ್ಡ ಪಾಲು ಹೋಗೋದು ವಸ್ತು ಕೊಟ್ಟವರಿಗೆ. ನಮ್ಮ ಎಪಿಎಂಸಿ ದಲ್ಲಾಳಿ ಥರ ಅಂದ್ಕೊಳ್ಳಿ, ಮಂಡಿ ವಹಿವಾಟೆಲ್ಲ ಅವನ ಜೇಬಿಗೆ ಹೋಗಲ್ವಲ್ಲ.

2017ರಲ್ಲಿ ನ್ಯೂಯಾರ್ಕಲ್ಲಿ ಇದೇ ಕ್ರಿಸ್ಟೀಸ್ ಲಿಯೊನಾರ್ಡೊ ಡಾ ವಿಂಚಿ ಬರೆದದ್ದು ಅಂತ ಹೇಳೋ 'ಸಾಲ್ವಟಾರ್ ಮುಂಡಿ' ಪೇಂಟಿಂಗ್ ಮಾರಿದಾಗ ಹರಾಜಿನ ಕೂಗು ನಿಂತು ಸುತ್ತಿಗೆ ಬಿದ್ದಿದ್ದು 40 ಕೋಟಿ ಡಾಲರಿಗೆ, ಕೊಂಡವರು ಕಟ್ಟಿದ್ದು ಸುಮಾರು 45 ಕೋಟಿ, ಮೇಲಿನ 5 ಕೋಟಿ ಚಿಲ್ಲರೆ ಕಂಪನಿ ಕಮಿಷನ್ನು. ಅದರಲ್ಲೇ ಸಂಬಳ, ಕ್ಯಾಟಲಾಗು, ಇನ್ಶೂರೆನ್ಸು ಎಲ್ಲಾ ಕಳೀಬೇಕು. ಪೇಪರಲ್ಲಿ ಬರೋ ರೆಕಾರ್ಡ್ ಬೆಲೆ ಸಾಮಾನ್ಯವಾಗಿ ಈ ಕಮಿಷನ್ ಸೇರಿಸಿದ್ದೇ, 2023ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜು ಕಂಪನೀಲಿ ಟಿಪ್ಪು ಖಡ್ಗಕ್ಕೆ ಬಂದ ಸುಮಾರು 1.4 ಕೋಟಿ ಪೌಂಡೂ ಹಾಗೇನೇ.

ಇನ್ನು ಇಳಿಕೆ ವಿಷಯ. 2022ರಲ್ಲಿ ಮೈಕ್ರೋಸಾಫ್ಟ್ ಸಹ ಸಂಸ್ಥಾಪಕ ಪಾಲ್ ಆಲೆನ್ ಅವರ ಕಲಾ ಸಂಗ್ರಹ ಒಂದೇ ಕ್ರಿಸ್ಟೀಸ್ ಹರಾಜಲ್ಲಿ 160 ಕೋಟಿ ಡಾಲರಿಗೂ ಜಾಸ್ತಿ ತಂದಿತ್ತು. ಅಂಥಾ ಸಂಗ್ರಹ ಪ್ರತಿವರ್ಷ ಸಿಗಲ್ಲ, ಅದನ್ನ ಪಕ್ಕಕ್ಕಿಟ್ರೆ 2022ರದ್ದು 680 ಕೋಟಿ ಆಸುಪಾಸು. ಇಳಿದಿದೆ ನಿಜ, 2024ರಲ್ಲಿ 570 ಕೋಟಿಗೆ ಇನ್ನೂ ಇಳೀತು, ಆದ್ರೆ ಫಾರ್ವರ್ಡ್ ಹೆದರಿಸಿದಷ್ಟು ಕುಸಿತ ಅಂತೂ ಅಲ್ಲ.