ಮೂವತ್ತಾರು ವರ್ಷಕ್ಕೆ ವಿಲೇವಾರಿಯಾದ ಅರ್ಜಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಹೆನ್ರಿಕೆಸ್ ಕೇಳಿರಲಿಕ್ಕಿಲ್ಲ, ಅನುಭವಿಸಿದ್ದಂತೂ ಹೌದು. 1139ರಲ್ಲಿ ಮುಸ್ಲಿಮರೊಡನೆ ನಡೆದ ಓರೀಕ್ ಕದನದ ಮುನ್ನ ಸಾಕ್ಷಾತ್ ಕ್ರಿಸ್ತನೇ ಕಾಣಿಸಿಕೊಂಡು ಅವನಿಗೆ ಅಭಯವಿತ್ತನೆಂದು ದಂತಕಥೆಯಿದೆ. ಗೆದ್ದವನು ತನ್ನನ್ನು ರಾಜನೆಂದು ಕರೆದುಕೊಂಡ. 1143ರಲ್ಲಿ ಝಮೋರಾದಲ್ಲಿ ನೆರೆಯ ಲಿಯೋನ್ ರಾಜ್ಯದ ದೊರೆ, ಅವನ ಮೇಲೊಡೆಯ ಏಳನೆಯ ಅಲ್ಫೊನ್ಸೊ ಕೂಡ ಆ ಪದವಿಯನ್ನು ಒಪ್ಪಿದ. ಬಾಕಿ ಉಳಿದದ್ದು ರೋಮಿನ ಪೋಪರ ಮೊಹರು.

ಅದೇ ಡಿಸೆಂಬರಿನಲ್ಲಿ ಅಫೊನ್ಸೊ ಪೋಪರಿಗೆ ಪತ್ರ ಬರೆದು, ತಾನು ಸಂತ ಪೀಟರನ, ಅಂದರೆ ಪೋಪ್ ಪೀಠದ, ಅಧೀನನೆಂದೂ ವರ್ಷಕ್ಕೆ 4 ಔನ್ಸ್ ಚಿನ್ನದ ಕಪ್ಪ ಸಲ್ಲಿಸುವೆನೆಂದೂ ನಿವೇದಿಸಿಕೊಂಡ. ಎರಡನೆಯ ಲೂಸಿಯಸ್ ಪೋಪರು 1144ರಲ್ಲಿ ಕಳಿಸಿದ ಹಿಂಬರಹ ಕಚೇರಿ ಭಾಷೆಗೆ ಮಾದರಿಯಾಗಬಲ್ಲದು. ಅಧೀನತೆಯನ್ನೂ ಚಿನ್ನವನ್ನೂ ಅವರು ಆಶೀರ್ವಾದಪೂರ್ವಕವಾಗಿ ಅಂಗೀಕರಿಸಿದರು. ಆದರೆ ಅರ್ಜಿದಾರನನ್ನು 'ರಾಜ' ಎನ್ನದೆ 'ಡ್ಯೂಕ್' ಎಂದೂ, ಅವನ ರಾಜ್ಯವನ್ನು ಬರೀ 'ಭೂಮಿ' ಎಂದೂ ಸಂಬೋಧಿಸಿದರು. ಶುಲ್ಕಕ್ಕೆ ರಸೀದಿ ಸಿಕ್ಕಿತು, ಕೆಲಸ ಮಾತ್ರ ಆಗಲಿಲ್ಲ.

1147ರಲ್ಲಿ ಅಫೊನ್ಸೊ ಲಿಸ್ಬನ್ ನಗರವನ್ನೇ ಗೆದ್ದ. ಕಡತ ಕದಲಲಿಲ್ಲ. ಅರ್ಜಿ ಹೋದಾಗ ಪೋಪನಾಗಿದ್ದ ಎರಡನೆಯ ಸೆಲೆಸ್ಟೀನನಿಂದ ಮೂರನೆಯ ಅಲೆಕ್ಸಾಂಡರನವರೆಗೆ ಆರು ಮಂದಿ ಪೋಪರು ಪೀಠವೇರಿದ ಮೇಲೆ, ಅರ್ಜಿದಾರ ಎಪ್ಪತ್ತರ ಆಸುಪಾಸಿಗೆ ಬಂದ ಮೇಲೆ, 1179ರ ಮೇ 23ರಂದು ಆದೇಶ ಹೊರಬಿತ್ತು. ನಾಲ್ಕು ದಶಕ ರಾಜ್ಯವಾಳಿದವನು ರಾಜನೆಂಬುದು 'ಸ್ಪಷ್ಟ ಪ್ರಮಾಣಗಳಿಂದ ಸಾಬೀತಾಗಿದೆ'ಯಂತೆ! ಮಾತೆಯಾದ ಚರ್ಚಿಗೆ ಅವನು ಒಳ್ಳೆಯ ಮಗನಂತೆ ಸೇವೆ ಸಲ್ಲಿಸಿದ್ದಾನೆಂಬ ಪ್ರಶಂಸೆಯೂ ಅದರಲ್ಲಿದೆ. ಹೆತ್ತ ತಾಯಿ ತೆರೇಸಾಳ ಸೈನ್ಯವನ್ನು ಈ ಒಳ್ಳೆಯ ಮಗ 1128ರಲ್ಲಿ ಸಾವೊ ಮಮೆದೆಯಲ್ಲಿ ಸೋಲಿಸಿ, ಅವಳನ್ನು ಅಧಿಕಾರದಿಂದಿಳಿಸಿದ್ದನ್ನು ಬರೆಯಲು ಚರ್ಮದ ಹಾಳೆಯಲ್ಲಿ ಜಾಗವಿರಲಿಲ್ಲವೇನೋ. ಅವನು ಮುಂದೆ ಮುಸ್ಲಿಮರಿಂದ ಗೆಲ್ಲಬಹುದಾದ, ನೆರೆಯ ಕ್ರೈಸ್ತ ದೊರೆಗಳು ಹಕ್ಕು ಸಾಧಿಸಲಾಗದ ನೆಲಕ್ಕಂತೂ ಧಾರಾಳವಾಗಿ ಜಾಗ ಸಿಕ್ಕಿತು: ಗೆದ್ದ ರಾಜ್ಯವನ್ನು ಒಪ್ಪಲು ಮೂವತ್ತಾರು ವರ್ಷ, ಗೆಲ್ಲದಿರುವ ನೆಲವನ್ನು ಬರೆದುಕೊಡಲು ಒಂದು ವಾಕ್ಯ.

ಇನ್ನು ದರಪಟ್ಟಿ. ವಾರ್ಷಿಕ ಕಪ್ಪ 2 ಮಾರ್ಕ್ ತೂಕದ ಚಿನ್ನಕ್ಕೇರಿತು. ಮಾರ್ಕಿಗೆ 8 ಔನ್ಸಿನಂತೆ ಲೆಕ್ಕ ಹಾಕಿದರೆ ಹಳೆಯದರ ನಾಲ್ಕು ಪಟ್ಟು. ಜೊತೆಗೆ 1,000 ಚಿನ್ನದ ನಾಣ್ಯ. ಅದು ಲಂಚವಲ್ಲ, ಕಾಣಿಕೆ.

ಅಫೊನ್ಸೊ 1185ರಲ್ಲಿ ತೀರಿಕೊಂಡ. ಮೂರನೆಯ ಇನೊಸೆಂಟ್ 1198ರಲ್ಲಿ ಪೋಪರಾದ ವರ್ಷವೇ ಅಫೊನ್ಸೊನ ಮಗ, ದೊರೆ ಒಂದನೆಯ ಸಾಂಚೊನಿಗೆ ರೋಮಿನಿಂದ ಪತ್ರ ಹೋಯಿತು. ಈ ಬಾರಿ ಕಡತ ಹುಡುಕಲು ತಡವಾಗಲಿಲ್ಲ: ಕಪ್ಪ ಬಾಕಿಯಿದೆ, ಪಾವತಿಸತಕ್ಕದ್ದು.