ಕೊಳೆಗೇರಿಯವರಿಗೆ ಊರಾಚೆ ಮನೆ: ತುಮಕೂರು ಪಾಲಿಕೆ ಕಟ್ಟಿಕೊಡಬೇಕೇ?

ಪರ: ಮೊದಲು ಒಣಗಿದ ನೆಲ ಬೇಕು

ನಾನು ಹುಟ್ಟಿ ಬೆಳೆದದ್ದು ಶೀಟಿನ ಮನೆಯಲ್ಲಿ. ಹಿಂದೆಯೇ ಕಾಲುವೆ. ಜೋರು ಮಳೆ ಹಿಡಿದರೆ ಅಮ್ಮ ಮೊದಲು ಅಕ್ಕಿ ಡಬ್ಬ ಎತ್ತಿಡುತ್ತಿದ್ದಳು, ಆಮೇಲೆ ರೇಷನ್ ಕಾರ್ಡು. ನಾವು ಮಕ್ಕಳು ಹೇಗೂ ಮಂಚ ಹತ್ತಿ ಕೂರುತ್ತಿದ್ದೆವು. ನೀರು ಇಳಿದ ಮೇಲೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಪ್ಪು ಗೆರೆ ಉಳಿಯುತ್ತಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಹದಿನೈದು ದಿನಕ್ಕೆ ಮತ್ತೆ ಎದ್ದು ಬರುತ್ತಿತ್ತು. ‘ಇದ್ದಲ್ಲೇ ಹಕ್ಕುಪತ್ರ ಕೊಟ್ಟುಬಿಡಿ’ ಅಂತ ಯಾರಾದರೂ ಅಂದರೆ ನನಗೆ ಆ ಗೆರೆಯೇ ಕಣ್ಣ ಮುಂದೆ ಬರುತ್ತದೆ.

ಕೆರೆ ಅಂಗಳದಲ್ಲಿ, ರಾಜಕಾಲುವೆ ಮೇಲೆ ಹಕ್ಕುಪತ್ರ ಕೊಡಲು ಕಾನೂನು ಬಿಡುವುದಿಲ್ಲ. ಬಿಟ್ಟರೂ ಮುಳುಗುವ ಮನೆಯ ಪತ್ರ ಇಟ್ಟುಕೊಂಡು ಏನು ಮಾಡುವುದು? ಹಾಗಂತ ಬಿ.ಎಚ್. ರಸ್ತೆ, ಅಶೋಕ ರಸ್ತೆ ಸುತ್ತಮುತ್ತ ಪಾಲಿಕೆ ಜಾಗ ಕೊಂಡು ಮನೆ ಕಟ್ಟಲಿ ಅಂದರೆ, ಅಲ್ಲಿನ ಸೈಟಿನ ರೇಟು ಗೊತ್ತಿದ್ದವರು ನಕ್ಕುಬಿಡುತ್ತಾರೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಗುಂಪು ಮನೆಗೆ ಕೇಂದ್ರ ಕೊಡುವುದು ಮನೆಗೆ 1.5 ಲಕ್ಷ ರೂಪಾಯಿ. ಅದರ ಮೇಲೆ ರಾಜ್ಯದ ಪಾಲು, ಮನೆಯವರ ಪಾಲು, ಬ್ಯಾಂಕ್ ಸಾಲ. ಇಷ್ಟರಲ್ಲಿ ಮನೆ ಏಳಬೇಕೆಂದರೆ ಜಾಗ ಪುಕ್ಕಟೆ ಸಿಗಬೇಕು. ಪುಕ್ಕಟೆ ಜಾಗ ಅಂದರೆ ಸರ್ಕಾರಿ ನೆಲ, ಅದು ಉಳಿದಿರುವುದು ಊರಂಚಿನಲ್ಲಿ. ಲೆಕ್ಕ ಇಷ್ಟೇ.

ದೂರ ಆಯಿತು ಅನ್ನುತ್ತೀರಿ. ಯಾವುದರಿಂದ ದೂರ? ಕೆಲಸ ಈಗ ಊರ ಹೊರಗೇ ಹೋಗುತ್ತಿದೆ. ಶಿರಾ ಕಡೆಯ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆದದ್ದು 2014ರಲ್ಲಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ತುಮಕೂರು ಭಾಗಕ್ಕೆ ಸುಮಾರು 1,701 ಕೋಟಿ ರೂಪಾಯಿ ಯೋಜನೆ ಒಪ್ಪಿತು. ನಾಳೆ ಕೆಲಸ ಕೇಳುವ ಮಕ್ಕಳಿಗೆ ಬಸ್ ಸ್ಟ್ಯಾಂಡಿನ ಪಕ್ಕ ಮನೆ ಇದ್ದರೆ ಎಷ್ಟು ಲಾಭ? ಹೆಂಗಸರಿಗೆ 2023ರ ಜೂನ್‌ನಿಂದ ಬಸ್ಸೂ ಉಚಿತ.

ಇನ್ನೊಂದು ಮಾತು, ಬರೆಯಲು ಸ್ವಲ್ಪ ಮುಜುಗರ. ನಮ್ಮ ಮನೆಗೆ ಕಕ್ಕಸು ಇರಲಿಲ್ಲ. ಅಕ್ಕ ಕತ್ತಲಾಗಲಿ ಅಂತ ಕಾಯುತ್ತಿದ್ದಳು, ಅದಕ್ಕೇ ಸಂಜೆ ನೀರು ಕುಡಿಯುತ್ತಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಚ್ಚಲಿಗಾಗಿ ಅವಳು ಎಷ್ಟು ದೂರ ಬೇಕಾದರೂ ಹೋಗಿರುತ್ತಿದ್ದಳು.

ವಿರೋಧ: ತಳ್ಳುಗಾಡಿ ಮೆಟ್ಟಿಲು ಹತ್ತುವುದಿಲ್ಲ

ಕಾಲುವೆ ಮೇಲಿರುವವರನ್ನು ಎಬ್ಬಿಸಲೇಬೇಕು. ಅದರಲ್ಲಿ ಜಗಳವಿಲ್ಲ. ಚಿಲಕದ ಮಾತಿಗೂ ನನ್ನ ಬಳಿ ಉತ್ತರವಿಲ್ಲ. ಆದರೆ ಕಾಲುವೆ ತೋರಿಸಿ, ಅಲ್ಲಿಂದ ಐವತ್ತು ಮಾರು ಆಚೆ ಗಟ್ಟಿ ನೆಲದ ಮೇಲೆ ಮೂವತ್ತು ವರ್ಷದಿಂದ ಇರುವವರನ್ನೂ ಅದೇ ಲಾರಿಗೆ ಹತ್ತಿಸುತ್ತಾರಲ್ಲ, ನನ್ನ ತಕರಾರು ಅಲ್ಲಿ.

ನಮ್ಮ ಬೀದಿಗೆ ಸೊಪ್ಪು ತರುವ ಒಬ್ಬ ಹೆಂಗಸು ಇದ್ದಾಳೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗುತ್ತಾಳೆ. ದಂಟು, ಮೆಂತ್ಯ, ಸಬ್ಬಸಿಗೆ ಕಟ್ಟು ತಂದು, ಒದ್ದೆ ಗೋಣಿ ಹೊದಿಸಿ, ಏಳಕ್ಕೆಲ್ಲ ನಮ್ಮ ಗೇಟಿನ ಮುಂದೆ ಕೂಗು ಹಾಕುತ್ತಾಳೆ. ಅವಳಿಗೂ ಊರಾಚೆ ಎರಡನೇ ಮಹಡಿಯಲ್ಲಿ ಮನೆ ಸಿಕ್ಕಿತು. ‘ಮನೆ ಚೆನ್ನಾಗೈತೆ ಕಣಕ್ಕ, ಟೈಲ್ಸ್ ಹಾಕವ್ರೆ. ಗಾಡಿ ಎಲ್ಲಿ ನಿಲ್ಲಿಸ್ಲಿ?’ ಅಂದಳು. ಮೆಟ್ಟಿಲ ಕೆಳಗೆ ಸರಪಳಿ ಹಾಕಿ ಬೀಗ ಜಡಿದಳು. ದಾರಿಗೆ ಅಡ್ಡ ಅಂತ ಕೆಳಗಿನವರು ಜಗಳ ತೆಗೆದರು. ಒಂದು ರಾತ್ರಿ ಚಕ್ರವೇ ಮಾಯ.

ಉಚಿತ ಬಸ್ ಇದೆಯಲ್ಲ ಅಂದಿರಿ. ಇದೆ. ನಾಲ್ಕೂವರೆಗೆ ಬರುವುದಿಲ್ಲ. ಸೊಪ್ಪಿನ ಮೂಟೆ ಕಂಡರೆ ಕಂಡಕ್ಟರ್ ಮುಖ ಬೇರೆ ಆಗುತ್ತದೆ. ಅವಳ ಗಂಡನಿಗೆ ಟಿಕೆಟ್ ಇದ್ದೇ ಇದೆ.

ಇದರಲ್ಲೊಂದು ತಮಾಷೆ ನೋಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮಾಡಿ ಗುರುತಿನ ಚೀಟಿ ಕೊಡಬೇಕಾದದ್ದು ಪಾಲಿಕೆ ಆಯುಕ್ತರೇ ಅಧ್ಯಕ್ಷರಾಗಿರುವ ಪಟ್ಟಣ ವ್ಯಾಪಾರ ಸಮಿತಿ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಲು 2020ರಲ್ಲಿ ಬಂದ ಸ್ವನಿಧಿ ಯೋಜನೆಯ ಮೊದಲ ಕಂತಿನ 10,000 ರೂಪಾಯಿಗೂ ಅದೇ ಚೀಟಿ, ಇಲ್ಲವೇ ಪಾಲಿಕೆಯ ಶಿಫಾರಸು ಪತ್ರ ಬೇಕಿತ್ತು. ಹೀಗೆ ವ್ಯಾಪಾರಕ್ಕೆ ಊರೊಳಗೆ ಜಾಗ ಗುರುತಿಸುವವರೂ ಅವರೇ, ಮನೆಯನ್ನು ಊರಾಚೆ ಒಯ್ಯುವವರೂ ಅವರೇ. ಎರಡು ಟೇಬಲ್ಲಿನವರು ಒಮ್ಮೆ ಒಟ್ಟಿಗೆ ಕೂತು ಟೀ ಕುಡಿದಿದ್ದರೂ ಸಾಕಿತ್ತು.

ವಸಂತನರಸಾಪುರದ ಕೆಲಸ ಒಳ್ಳೆಯದೇ, ಐಟಿಐ ಮಾಡಿದ ಹುಡುಗರಿಗೆ. ಮನೆಗೆಲಸದವರು, ಬೀಡಿ ಕಟ್ಟುವವರು, ಹೂವು ಕಟ್ಟಿ ಮಾರುವವರು ಅಲ್ಲಿ ಏನು ಮಾಡಬೇಕು? ಅವರಿಗೆ ಊರೇ ಕಾರ್ಖಾನೆ. ಹತ್ತು ರೂಪಾಯಿಗೆ ಊಟ ಹಾಕುವ ಇಂದಿರಾ ಕ್ಯಾಂಟೀನು, ಜಿಲ್ಲಾಸ್ಪತ್ರೆ ಎಲ್ಲ ಇರುವುದೂ ಇಲ್ಲೇ.

ದುಡ್ಡಿನ ಮಾತಿಗೆ ಬರೋಣ. ಅದೇ ಆವಾಸ್ ಯೋಜನೆಯಲ್ಲಿ ಸ್ವಂತ ಜಾಗ ಇರುವವರು ತಾವೇ ಮನೆ ಕಟ್ಟಿಕೊಳ್ಳುವ ದಾರಿಯೂ ಇದೆ. ಅದಕ್ಕೂ ಕೇಂದ್ರದ ಪಾಲು 1.5 ಲಕ್ಷವೇ. ದೇಶದಲ್ಲಿ ಮಂಜೂರಾದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಬಗೆಯವು. ಬೇಕಾದದ್ದು ಜಾಗದ ಕಾಗದ ಒಂದೇ. ಕಾಗದ ಕೈಗೆ ಬಂದರೆ ಜನ ಸುಮ್ನೆ ಕೂರುವುದಿಲ್ಲ. ಈ ವರ್ಷ ತಳಪಾಯ, ಚೀಟಿ ಹಣ ಬಂದಾಗ ಗೋಡೆ, ಮಗನಿಗೆ ಮದುವೆ ಅಂದಾಗ ಮೇಲೊಂದು ರೂಮು. ಆ ರೂಮಿನ ಬಾಡಿಗೆಯಲ್ಲಿ ಸಾಲ ತೀರುತ್ತದೆ. ಸಿಮೆಂಟು, ಕಬ್ಬಿಣ ಕೊಳ್ಳುವುದು ಅದೇ ಬೀದಿಯ ಅಂಗಡಿಯಲ್ಲಿ, ಕಟ್ಟುವವನು ಪಕ್ಕದ ಮನೆ ಮೇಸ್ತ್ರಿ. ಗುಂಪು ಮನೆ ಹಾಗೆ ಬೆಳೆಯುವುದಿಲ್ಲ.

ಅಲ್ಲಿ ಬೆಳೆಯುವುದು ಖರ್ಚು ಮಾತ್ರ. ಬುಗುಡನಹಳ್ಳಿಯಿಂದ ಬರುವ ಹೇಮಾವತಿ ನೀರು ಸಂಪು ತುಂಬಿದರೆ ಸಾಕೇ? ಮೇಲಿನ ಟ್ಯಾಂಕಿಗೆ ಹತ್ತಬೇಕು. ಮೋಟಾರಿನ ಕರೆಂಟ್ ಬಿಲ್ಲನ್ನು ಎಲ್ಲರೂ ಸೇರಿ ಕಟ್ಟಬೇಕು. ನಾಲ್ಕು ಮನೆಯವರು ಕಟ್ಟದೆ ಹೋದರೆ ಇಡೀ ಕಟ್ಟಡ ಬಿಂದಿಗೆ ಹಿಡಿದು ಕೆಳಗಿಳಿಯುತ್ತದೆ.

ಎಬ್ಬಿಸಲೇಬೇಕಾದವರಿಗೆ ನಡೆದು ಹೋಗುವಷ್ಟು ದೂರದಲ್ಲಿ ಜಾಗ ಹುಡುಕಲಿ. ಊರೊಳಗೆ ಬಾಗಿಲು ಮುರಿದು ನಿಂತಿರುವ ಹಳೆಯ ಸರ್ಕಾರಿ ಕ್ವಾರ್ಟರ್ಸ್, ಗೋಡೌನು ನೀವೂ ನೋಡಿರುತ್ತೀರಿ, ಅಲ್ವಾ? ಇಪ್ಪತ್ತು ಮನೆ ಇಲ್ಲಿ, ಮೂವತ್ತು ಅಲ್ಲಿ ಕಟ್ಟುವುದು ಕಷ್ಟದ ಕೆಲಸ. ಗುದ್ದಲಿ ಪೂಜೆಯ ಫೋಟೋ ಕೂಡ ಅಷ್ಟು ಚೆನ್ನಾಗಿ ಬರುವುದಿಲ್ಲ.

ಮೊನ್ನೆ ಮೆಂತ್ಯ ಕಟ್ಟು ಕೊಳ್ಳುತ್ತಾ ಕೇಳಿದೆ, ಹೊಸ ಮನೆ ಹೇಗಿದೆ ಅಂತ. ಬಾಡಿಗೆಗೆ ಕೊಟ್ಟಿದ್ದಾಳಂತೆ. ಹಳೆಯ ಬೀದಿಯಲ್ಲೇ ಒಂದು ಶೀಟಿನ ರೂಮು ಹಿಡಿದಿದ್ದಾಳೆ. ಅಲ್ಲಿ ಬರುವ ಬಾಡಿಗೆಗಿಂತ ಇಲ್ಲಿ ಕೊಡುವುದು ಐನೂರು ರೂಪಾಯಿ ಜಾಸ್ತಿ. ‘ಗಾಡಿ ಬಾಗಿಲಲ್ಲೇ ನಿಲ್ತದಲ್ಲಕ್ಕ’ ಅಂದಳು.